ಯಾರು ಎಂದು ಕೇಳುತ್ತಿದ್ದ ಮನೆ

ಬ್ಯಾಡಗಿಯಲ್ಲಿ ನಮ್ಮ ಮನೆ ಇದ್ದದ್ದು ಮೆಣಸಿನಕಾಯಿ ಪೇಟೆಗೂ ರೈಲ್ವೆ ಸ್ಟೇಷನ್ನಿಗೂ ನಡುವಿನ ಒಂದು ಓಣಿಯಲ್ಲಿ. ಮೊದಲ ಸಲ ಬಂದವರು ಯಾರೇ ಆಗಲಿ, ಹೊಸ್ತಿಲು ದಾಟಿದ ಕೂಡಲೇ ಸೀನುತ್ತಿದ್ದರು. ಬೀಗರು ಸೀನಿದರು, ಮಾಸ್ತರರು ಸೀನಿದರು, ಜನಗಣತಿಗೆ ಬಂದವನೊಬ್ಬ ಸೀನಿ ಸೀನಿ ನಮ್ಮ ಹೆಸರು ಬರೆದುಕೊಳ್ಳುವುದನ್ನೇ ಮರೆತು ಹೋದ. ಕಾರಣವೇನೂ ಗುಟ್ಟಿನದಲ್ಲ. ಪಡಸಾಲೆಯ ತುಂಬ ಮೆಣಸಿನಕಾಯಿ ಹರವಿರುತ್ತಿತ್ತು. ಸುಗ್ಗಿ ಶುರುವಾಯಿತೆಂದರೆ ಪೇಟೆಯ ದಲಾಲರ ಅಡತಿ ಅಂಗಡಿಗಳಿಂದ ಚೀಲಗಳು ಬಂದು ಬೀಳುತ್ತಿದ್ದವು. ಓಣಿಯ ಹೆಂಗಸರು ಗೋಣಿತಟ್ಟಿನ ಮೇಲೆ ಕಾಲು ಚಾಚಿ ಕೂತು ತೊಟ್ಟು ಬಿಡಿಸುತ್ತಿದ್ದರು. ಅವರನ್ನು ಕೂರಿಸುವವಳು, ಎಬ್ಬಿಸುವವಳು, ಬೈಯುವವಳು, ಕೈ ಉರಿದಾಗ ಮಜ್ಜಿಗೆ ಹಚ್ಚುವವಳು ನಮ್ಮ ಆಯಿ, ಅಂದರೆ ನನ್ನ ಅವ್ವನ ತಾಯಿ. ಗಂಡ ಸತ್ತ ಮೇಲೆ ಆ ಕೆಲಸದಿಂದಲೇ ಮನೆ ನಡೆಸಿದವಳು. ನಮಗ್ಯಾರಿಗೂ ಸೀನು ಬರುತ್ತಿರಲಿಲ್ಲ; ಕಾರದ ಧೂಳಿನಲ್ಲೇ ಹುಟ್ಟಿ ಬೆಳೆದ ಮೂಗುಗಳು. ಬರುತ್ತಿದ್ದದ್ದು ಅಪ್ಪನಿಗೆ ಮಾತ್ರ. ಮದುವೆಯಾಗಿ ಅದೇ ಮನೆಯಲ್ಲಿ ಮನೆಯಳಿಯನಾಗಿ ಉಳಿದಿದ್ದರೂ, ಹೊರಗಿನಿಂದ ಬಂದ ಪ್ರತಿ ಸಲ ಒಳಗೆ ಕಾಲಿಟ್ಟು ಸೀನುತ್ತಿದ್ದ. ಆಯಿ ಅದನ್ನು ಕೇಳಿಸಿಕೊಂಡು, ಇನ್ನೂ ರೂಢಿ ಆಗಿಲ್ಲ ನೋಡು ಎಂದು ಕಂಬಕ್ಕೆ ಹೇಳುತ್ತಿದ್ದಳು.

ಕಂಬಕ್ಕೆ ಎಂದದ್ದು ತಮಾಷೆಗಲ್ಲ. ನಮ್ಮ ಕಡೆ ಹಿಂದಿನ ಕಾಲದ ಅತ್ತೆಯರು ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ಏನಿದ್ದರೂ ಮೂರನೆಯವರ ಕೈಲಿ ಹೇಳಿಸಬೇಕು. ಮೂರನೆಯವರಿಲ್ಲದಿದ್ದರೆ ಗೋಡೆಗೋ ಕಂಬಕ್ಕೋ ಹೇಳಬೇಕು, ಅಳಿಯ ಕೇಳಿಸಿಕೊಳ್ಳಬೇಕು. ಬೇರೆ ಮನೆಗಳಲ್ಲಿ ಮೊಮ್ಮಕ್ಕಳು ಹುಟ್ಟಿದ ಮೇಲೆ ಈ ಬಿಗಿ ತಾನಾಗಿಯೇ ಸಡಿಲುತ್ತಿತ್ತು. ಆಯಿ ಬಿಡಲಿಲ್ಲ. ಅವಳಿಗೆ ಅದು ಬರೀ ಪದ್ಧತಿಯಾಗಿರಲಿಲ್ಲ, ಸಿಟ್ಟೂ ಆಗಿತ್ತು. ಪಡಸಾಲೆಯ ನಡುಗಂಬದ ಹಿಂದೆ ನಿಂತು ನನ್ನನ್ನು ಕರೆಯುತ್ತಿದ್ದಳು.

"ಸುಮೀ, ಹೇಳ ಅವರಿಗೆ, ಜಳಕಕ್ಕ ನೀರು ಕಾದಾವು."

ಅವರು ಎಂದರೆ ಅಪ್ಪ, ಅಲ್ಲೇ ಮಾರು ದೂರದಲ್ಲಿ ನಿಂತಿರುತ್ತಿದ್ದ. ನಾನು ಆ ಮಾತನ್ನು ಹಾಗೆಯೇ ಎತ್ತಿ ಅಪ್ಪನಿಗೆ ಕೊಡುತ್ತಿದ್ದೆ, ಅಪ್ಪನ ಉತ್ತರವನ್ನು ತಂದು ಕಂಬಕ್ಕೆ ಒಪ್ಪಿಸುತ್ತಿದ್ದೆ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆ. ಶಾಲೆಯ ಗೆಳತಿಯೊಬ್ಬಳ ಮನೆಯಲ್ಲಿ ಅವಳ ಅಜ್ಜಿ, ಅವಳಪ್ಪ ಒಂದೇ ತಟ್ಟೆಯಲ್ಲಿ ಶೇಂಗಾ ತಿನ್ನುತ್ತ ನಗುವುದನ್ನು ಕಂಡ ದಿನ ನಾನು ಆಟ ಬಿಟ್ಟು ಮನೆಗೆ ಓಡಿ ಬಂದೆ. ಅದು ಹೊಟ್ಟೆಕಿಚ್ಚು ಎಂದು ಈಗ ಗೊತ್ತು.

ಆಯಿಯ ಸಿಟ್ಟಿಗೆ ಕಾರಣ, ಅಪ್ಪನಿಗೆ ಊರು ಇರಲಿಲ್ಲ. ಇತ್ತು, ಆದರೆ ಅದು ಗೋವೆಯಲ್ಲಿ, ಅದೂ ಗೋವೆ ಇನ್ನೂ ಪರದೇಶದವರ ಕೈಯಲ್ಲಿದ್ದಾಗಿನ ಮಾತು. ಮೀಸೆ ಮೊಳೆಯುವ ಮುನ್ನ, ಬೆಳಗಾವಿ ಕಡೆಯಿಂದ ಬಂದ ಒಂದು ನಾಟಕ ಮಂಡಳಿಯ ಹಿಂದೆ ಗಡಿ ದಾಟಿ ಬಂದವನು ಅವನು. ಹೇಗೆ ದಾಟಿದೆ ಎಂದು ಕೇಳಿದರೆ ಒಂದು ಸಲ ಪರದೆಗಳ ಸುರುಳಿಯ ನಡುವೆ ಮಲಗಿ ಬಂದೆ ಎನ್ನುತ್ತಿದ್ದ, ಇನ್ನೊಂದು ಸಲ ಹೆಣ್ಣುವೇಷ ಹಾಕಿ ಬಂದೆ ಎನ್ನುತ್ತಿದ್ದ. ಎರಡರಲ್ಲಿ ಒಂದೂ ಖರೇ ಇರಲಿಕ್ಕಿಲ್ಲ, ನಡೆದೇ ಬಂದಿರಬೇಕು. ಗೋವೆ ಬಿಡುಗಡೆಯಾಗಿ ಹಿಂತಿರುಗಿ ಹೋಗುವ ಹಾಗೆ ಆದಾಗ ಅಲ್ಲಿ ತಾಯಿ ಇರಲಿಲ್ಲ, ಮನೆಯಲ್ಲಿ ಬೇರೆ ಯಾರೋ ಇದ್ದರು. ಮಂಡಳಿಯೂ ಮುರಿಯಿತು. ಅಪ್ಪ ರಾಣೆಬೆನ್ನೂರಿನಲ್ಲಿ ಕ್ಯಾಂಪು ಹಾಕಿದ್ದ ಕನ್ನಡ ಕಂಪನಿ ಸೇರಿಕೊಂಡ. ಅಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವನು ಅವ್ವನ ಸೋದರಮಾವ. ತಂದೆಯಿಲ್ಲದ ಹುಡುಗಿ, ತಾಯಿಯಿಲ್ಲದ ಹುಡುಗ ಎಂದು ಲೆಕ್ಕ ಹಾಕಿ ಅವನೇ ಮದುವೆ ಮಾಡಿಸಿದ. ಆಯಿಯನ್ನು ಕೇಳಿದ್ದು ಎಲ್ಲ ನಿಶ್ಚಯವಾದ ಮೇಲೆ.

ಅಪ್ಪನ ಹೆಸರು ದಾಮೋದರ. ಹಾಗೆ ಕರೆದವರು ಯಾರೂ ಇಲ್ಲ. ಹಾವೇರಿಯಿಂದ ರಾಣೆಬೆನ್ನೂರಿನ ತನಕ ಎಲ್ಲರಿಗೂ ಅವನು ಗೋವೆ ಮಾಸ್ತರ. ಕನ್ನಡವನ್ನು ನಾಟಕದ ಮಾತುಗಳನ್ನು ಬಾಯಿಪಾಠ ಮಾಡಿಯೇ ಕಲಿತವನು. ಮನೆಯಲ್ಲಿ ನೀರು ಬೇಕಾದರೂ "ಮಗಳೇ, ಒಂದು ಲೋಟ ನೀರನ್ನು ತಾ" ಎನ್ನುತ್ತಿದ್ದ. ಬ್ಯಾಡಗಿಯಲ್ಲಿ ಮಗಳೇ ಎಂದು ಮಗಳನ್ನು ಕರೆಯುವವರು ಯಾರಿದ್ದಾರೆ ಎಂದು ತೊಟ್ಟು ಬಿಡಿಸುವ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಎಷ್ಟು ಕಲಿತರೂ ಮಾತಿನ ಕೊನೆಗೆ ಮೂಗಿನಿಂದ ಸಣ್ಣದೊಂದು ಎಳೆತ ಬರುತ್ತಿತ್ತು. ಅದರಿಂದಾಗಿ ಅವನಿಗೆ ನಾಯಕನ ಪಾತ್ರ ಸಿಗಲಿಲ್ಲ. ಪರವೂರಿನ ವ್ಯಾಪಾರಿ, ಸನ್ಯಾಸಿ, ಪೊಲೀಸ್ ಅಧಿಕಾರಿ, ಎಲ್ಲಕ್ಕಿಂತ ಹೆಚ್ಚಾಗಿ ನಾಯಕನ ಮುದಿ ತಂದೆ. ಮುದುಕನಿಗೆ ಮಾತು ಕಡಿಮೆ, ಕೆಮ್ಮು ಹೆಚ್ಚು. ಮೂರನೆಯ ಅಂಕಕ್ಕೆ ಸಾಯುತ್ತಾನೆ. ಅಪ್ಪ ಇಪ್ಪತ್ತರ ಹರೆಯದಲ್ಲೇ ಮುದುಕನಾದ, ವರ್ಷವಿಡೀ ಸಾಯುತ್ತಿದ್ದ. ಚೆನ್ನಾಗಿ ಸಾಯುತ್ತಿದ್ದ ಎಂದು ನೋಡಿದವರೆಲ್ಲ ಹೇಳುತ್ತಾರೆ. ಒಮ್ಮೆ ಮೇಡ್ಲೇರಿಯಿಂದ ನಾಟಕ ನೋಡಲು ಬಂದಿದ್ದ ರೈತನೊಬ್ಬ ಮರುದಿನ ಬಾಳೆಗೊನೆ ಹೊತ್ತು ಕ್ಯಾಂಪಿಗೆ ಬಂದನಂತೆ, ಯಜಮಾನರು ಆರಾಮ ಇದ್ದಾರೋ ಇಲ್ಲವೋ ಕಣ್ಣಾರೆ ನೋಡಿ ಹೋಗಬೇಕು ಎಂದು. ಲುಂಗಿ ಉಟ್ಟು ಬೀಡಿ ಸೇದುತ್ತಿದ್ದ ಹರೆಯದವನನ್ನು ತೋರಿಸಿ ಇವರೇ ಅವರು ಎಂದರೆ ಅವನು ನಂಬಲಿಲ್ಲವಂತೆ. ಗೊನೆಯನ್ನು ಮಾತ್ರ ಬಿಟ್ಟು ಹೋದ.

ಕಂಪನಿಯವರಲ್ಲಿ ಒಂದು ನಂಬಿಕೆ ಇತ್ತು. ರಂಗದ ಮೇಲೆ ಸತ್ತವನು ಬಣ್ಣ ತೊಳೆದು ಎದ್ದರೆ ಸಾಲದು. ಸತ್ತ ಪಾತ್ರ ಅವನ ಹಿಂದೆಯೇ ಮನೆಯ ತನಕ ಬರುತ್ತದೆ. ಆದ್ದರಿಂದ ಅವನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ, ಯಾರು ಎಂದು ಕೇಳಬೇಕು. ಅವನು ಪಾತ್ರದ ಮಾತು ಬಿಟ್ಟು ತನ್ನ ಸ್ವಂತ ಮಾತಿನಲ್ಲಿ, ನಾನು ಬಂದೆ ಎನ್ನಬೇಕು. ಆಮೇಲೆ ಮೆಣಸಿನಕಾಯಿ, ಉಪ್ಪು ಮುಖದ ಸುತ್ತ ಇಳಿಸಿ ಒಲೆಗೆ ಹಾಕಿ ಒಳಗೆ ಕರೆದುಕೊಳ್ಳಬೇಕು. ಹಾರ್ಮೋನಿಯಂ ಮಾವ ಅವ್ವನಿಗೆ ಮದುವೆಯ ಮರುದಿನವೇ ಇದನ್ನು ಹೇಳಿಕೊಟ್ಟಿದ್ದ. ಮೊದಲ ಸಲ ಅವ್ವ ಕೇಳಿದಾಗ ಅಪ್ಪ ಕನ್ನಡದಲ್ಲೇ, ನಾನು ಬಂದಿದ್ದೇನೆ ಎಂದನಂತೆ. ಅವ್ವ ಸಣ್ಣವಳಾದರೂ ಹಟದವಳು. ನಾಟಕದ ಮುದುಕನೂ ಹಂಗ ಅಂತಾನಲ್ರಿ, ಎಂದು ದಾರಿ ಬಿಡಲಿಲ್ಲ. ಅಪ್ಪ ಯೋಚಿಸುತ್ತ ನಿಂತ. ಅವನ ಬಾಯಲ್ಲಿದ್ದ ಕನ್ನಡವೆಲ್ಲ ಯಾವುದೋ ಒಂದು ಪಾತ್ರದ್ದೇ. ಕೊನೆಗೆ ತಾಯಿ ಹೇಳಿಕೊಟ್ಟಿದ್ದ ಗೋವೆಯ ಮಾತಿನಲ್ಲಿ, ನಾನು ಬಂದೆ ಎಂದ.

"ಹಾಂವ್ ಆಯ್ಲೊಂ."

ಅವ್ವನಿಗೆ ಅರ್ಥವಾಗಲಿಲ್ಲ, ಆದರೆ ಇದು ಯಾವ ನಾಟಕದಲ್ಲೂ ಇಲ್ಲ ಎನ್ನುವುದು ಗೊತ್ತಾಯಿತು. ಬಾಗಿಲು ಬಿಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕಟ್ಟಳೆ. ನನ್ನ ಬಾಲ್ಯದ ಬೆಳಗುಗಳೆಲ್ಲ ಆ ಎರಡು ಮಾತಿನಿಂದಲೇ ಶುರುವಾಗಿವೆ. ರಾಣೆಬೆನ್ನೂರಿನಿಂದ ಬರುವ ಮೊದಲ ಗಾಡಿಯ ಸೀಟಿ ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಚಪ್ಪಲಿಯ ಸದ್ದು. ಅವ್ವ ಒಳಗಿನಿಂದ ಯಾರು ಎನ್ನುತ್ತಿದ್ದಳು. ಅಪ್ಪ, ಕಿವಿಯ ಹಿಂದೆ ಇನ್ನೂ ಬಿಳಿ ಬಣ್ಣ ಉಳಿದ ಅಪ್ಪ, ಆ ಎರಡು ಮಾತು ಹೇಳಿ, ಮೆಣಸಿನಕಾಯಿ ಇಳಿಸಿಕೊಂಡು, ಒಳಗೆ ಬಂದು ಸೀನುತ್ತಿದ್ದ. ಒಲೆಗೆ ಹಾಕಿದ ಕಾಯಿ ಘಾಟು ಬರದೆ ಸುಟ್ಟರೆ ದೃಷ್ಟಿ ತಗಲಿತ್ತು ಎಂದು ಲೆಕ್ಕ. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣವೇ ಹೊರತು ಅಷ್ಟೇನೂ ಘಾಟಿಲ್ಲ. ಹೀಗಾಗಿ ಅಪ್ಪನಿಗೆ ವರ್ಷವಿಡೀ ದೃಷ್ಟಿ ತಗಲಿರುತ್ತಿತ್ತು, ಅವ್ವ ವರ್ಷವಿಡೀ ಚಿಂತೆ ಮಾಡುತ್ತಿದ್ದಳು. ಇದೆಲ್ಲ ಆಯಿಗೆ ಸೇರುತ್ತಿರಲಿಲ್ಲ. ನಾಟಕಾನ ಮನೀ ಬಾಗಲತನಕ ತಂದಾರ ಎಂದು ಕಂಬಕ್ಕೆ ಹೇಳಿ, ಸೆರಗು ಎಳೆದುಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅವಳು ಅಲ್ಲಿಂದ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನಾವು ಯಾರೂ ಯೋಚಿಸಿರಲಿಲ್ಲ.

ಮನೆಯಲ್ಲಿ ದೊಡ್ಡ ಜಗಳವೆಂದರೆ ಧೂಳಿನದು. ನಟನಿಗೆ ಗಂಟಲೇ ಬಂಡವಾಳ. ಅಪ್ಪ ಜೇಷ್ಠಮಧು ಅಗಿಯುತ್ತಿದ್ದ, ಕಲ್ಲುಸಕ್ಕರೆ ಲವಂಗ ಬಾಯಲ್ಲಿಟ್ಟುಕೊಳ್ಳುತ್ತಿದ್ದ, ಮನೆಯಲ್ಲಿರುವಾಗ ಒದ್ದೆ ವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಓಡಾಡುತ್ತಿದ್ದ. ಇಷ್ಟೆಲ್ಲ ಮಾಡಿ ಬೀಡಿ ಮಾತ್ರ ಬಿಡುತ್ತಿರಲಿಲ್ಲ. ಒಂದು ಸುಗ್ಗಿಯಲ್ಲಿ ಅವನ ದನಿ ಪೂರ್ತಿ ಒಡೆದು, ಪಾತ್ರ ಬೇರೆಯವರ ಪಾಲಾಯಿತು. ಮೆಣಸಿನಕಾಯಿ ಕೆಲಸವನ್ನು ಪಡಸಾಲೆಯಿಂದ ಹಿತ್ತಲಿಗೆ ಸಾಗಿಸಿದರೆ ಉಪಕಾರವಾದೀತು ಎಂದು ನನ್ನ ಕೈಲಿ ಹೇಳಿಸಿದ. ನಾನು ಹೋಗಿ ಹೇಳಿದೆ. ಹೆಂಗಸರ ಕೈಗಳೆಲ್ಲ ನಿಂತವು. ಹಿತ್ತಲಲ್ಲಿ ನೆರಳಿಲ್ಲ, ಅಕಾಲದ ಹನಿ ಬಿದ್ದರೆ ಮಾಲು ಕೆಡುತ್ತದೆ, ಇದು ಅಪ್ಪನಿಗೂ ಗೊತ್ತಿತ್ತು. ಆಯಿ ತೊಟ್ಟು ಮುರಿಯುತ್ತಲೇ ಉತ್ತರ ಕೊಟ್ಟಳು.

"ಹೇಳ ಅವರಿಗೆ, ಈ ಮನ್ಯಾಗ ಮೊದಲ ಬಂದದ್ದು ಮೆಣಸಿನಕಾಯಿ. ಆಮ್ಯಾಲೆ ಬಂದವರು ಅವರು."

ಈ ಮಾತನ್ನು ನಾನು ಅಪ್ಪನಿಗೆ ಮುಟ್ಟಿಸುವ ಅಗತ್ಯವಿರಲಿಲ್ಲ, ಅವನು ಕೇಳಿಸಿಕೊಂಡಿದ್ದ. ಆದರೂ ನನ್ನ ಕಡೆ ತಿರುಗಿ, ಏನು ಹೇಳಿದರು ಎನ್ನುವ ಹಾಗೆ ಹುಬ್ಬೇರಿಸಿದ. ನನಗೆ ಅಳು ಬಂತು. ಅಪ್ಪ ಮತ್ತೆಂದೂ ಆ ಮಾತು ಎತ್ತಲಿಲ್ಲ. ಹಾಗೆಂದು ಆಯಿ ಅವನನ್ನು ಹಸಿವಿನಿಂದ ಇಟ್ಟವಳಲ್ಲ. ನಮಗೆಲ್ಲ ರೊಟ್ಟಿ, ಪಲ್ಯ. ಅಪ್ಪನ ತಾಟಿನಲ್ಲಿ ಮಾತ್ರ ದಿನಾಲೂ ಬಿಸಿ ಅನ್ನ ಇರುತ್ತಿತ್ತು. ಯಾರೂ ಹೇಳಿರಲಿಲ್ಲ, ಅವಳೇ ಬೇಯಿಸುತ್ತಿದ್ದಳು. ಮೀನು ತಿಂದು ಬೆಳೆದವನು ನಮ್ಮ ಮನೆಗೆ ಬಂದ ಮೇಲೆ ಅದರ ವಾಸನೆ ಸಹ ಹತ್ತಿರ ಬಿಟ್ಟುಕೊಂಡಿರಲಿಲ್ಲ; ಅದನ್ನು ಆಯಿ ಗಮನಿಸಿದ್ದಳೋ ಏನೋ. ಹುಬ್ಬಳ್ಳಿಗೆ ಹೋದಾಗ ಅಪ್ಪ ಗೋವೆಯ ಕಡೆ ಸಾರಿಗೆ ಹಾಕುವ ಹುಳಿ, ಒಣಗಿದ ಮುರುಗಲ ಸಿಪ್ಪೆ ತರುತ್ತಿದ್ದ. ಅದರ ಸಾರು ಮಾಡುವುದು ಗೊತ್ತಿಲ್ಲದ ಆಯಿ ಅದನ್ನು ಹುಣಸೆಹಣ್ಣಿನ ಹಾಗೆ ಹಿಚುಕಿ, ಬೆಲ್ಲ ಹಾಕಿ ಏನೋ ಒಂದು ಮಾಡಿ ಇಡುತ್ತಿದ್ದಳು. ಅಪ್ಪ ಅದನ್ನು ಕಣ್ಣು ಮುಚ್ಚಿ ಕುಡಿದು, ಚೆನ್ನಾಗಿದೆ ಎಂದು ಹೇಳು, ಎನ್ನುತ್ತಿದ್ದ. ಇಬ್ಬರೂ ಒಳ್ಳೆಯವರೇ. ಒಳ್ಳೆಯವರಿಬ್ಬರು ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಮಾತಿಲ್ಲದೆ ಇದ್ದದ್ದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಕಂಪನಿಗೆ ಜನ ಬರುವುದು ಕಡಿಮೆಯಾಗಿತ್ತು. ಅಪ್ಪ ಬೆಂಗಳೂರಿಗೆ ಹೋಗಿ ಸಿನಿಮಾದಲ್ಲಿ ಮಾಡಿ ಬಂದ. ನಾಯಕಿಯ ತಂದೆಯ ಪಾತ್ರ, ಮಾತುಳ್ಳ ಪಾತ್ರ, ಕೊನೆಗೆ ಸಾವು ಎಂದು ಹೇಳಿದ. ಬಂದ ದಿನ ಅವ್ವನ ಮುಂದೆ ಆ ಸಾವನ್ನು ಪೂರ್ತಿ ಮಾಡಿ ತೋರಿಸಿದ. ಮಗಳ ಕೈ ಹಿಡಿದು ಹೇಳುವ ನಾಲ್ಕೈದು ಮಾತು ಇದ್ದವು. ಅವನ್ನು ಹೇಳುವಾಗ ನನ್ನ ಕೈ ಹಿಡಿದುಕೊಂಡಿದ್ದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ನೋಡಿರಲಿಲ್ಲ. ಟೆಂಟಿನ ಹೊರಗೆ ಯಾರಿಗೂ ಕೇಳಿಸದಿದ್ದ ತನ್ನ ದನಿ ಇನ್ನು ಎಲ್ಲ ಊರಿನಲ್ಲಿ ಕೇಳಿಸುತ್ತದೆ, ಗೋವೆಯ ಗಡಿಯ ತನಕ ಹೋಗುತ್ತದೆ, ಎಂದು ಮತ್ತೆ ಮತ್ತೆ ಹೇಳಿದ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಹೆಸರು, ಹಾರ ತುರಾಯಿ ಯಾವುದೂ ಅಲ್ಲ. ತನ್ನ ಮುಖದ ಜೊತೆ ತನ್ನ ದನಿ ಒಂದು ಸಲ ಪರದೆಯ ಮೇಲೆ ಬರಬೇಕು.

ಸಿನಿಮಾ ರಾಣೆಬೆನ್ನೂರಿಗೆ ಬಂದಾಗ ಮಧ್ಯಾಹ್ನದ ಆಟಕ್ಕೆ ಎಲ್ಲರೂ ಹೊರಟೆವು. ಆಯಿಯೂ ಬಂದಳು. ಸಿನಿಮಾಕ್ಕಲ್ಲ, ರಾಣೆಬೆನ್ನೂರಿನಲ್ಲಿ ಗೋಣಿತಟ್ಟು ಕೊಳ್ಳುವುದಿದೆ ಎಂದಳು. ಬ್ಯಾಡಗಿಯಲ್ಲಿ ಸಿಗದ ಗೋಣಿತಟ್ಟು ಯಾವುದು ಎಂದು ಯಾರೂ ಕೇಳಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟಿದ್ದ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಅಪ್ಪನ ಮುಖ ಬಂತು. ನಮ್ಮ ಸುತ್ತ ಕೂತವರು ಗೋವೆ ಮಾಸ್ತರ, ಗೋವೆ ಮಾಸ್ತರ ಎಂದರು. ಆ ಮುಖ ಬಾಯಿ ತೆರೆಯಿತು, ಒಳಗಿನಿಂದ ಬೇರೆ ಯಾರದೋ ದನಿ ಬಂತು. ದಪ್ಪ ದನಿ, ಬೆಂಗಳೂರು ಕಡೆಯದು, ನುಣುಪಾದದ್ದು. ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಪರದೆ ನೋಡುತ್ತಿದ್ದ, ಅವನ ತುಟಿಗಳು ಆ ಮಾತುಗಳನ್ನು ಸದ್ದಿಲ್ಲದೆ ಆಡುತ್ತಿದ್ದವು. ಸಾಯುವ ದೃಶ್ಯದಲ್ಲಿ ಥೇಟರಿನಲ್ಲಿ ಹೆಂಗಸರು ಅತ್ತರು. ಅವ್ವ ಅಳಲಿಲ್ಲ. ಅವಳು ಗಟ್ಟಿಯಾಗಿಯೇ ಹೇಳಿದಳು.

"ಇವರಲ್ಲ ಇವರು."

ಹಿಂದಿನ ಸಾಲಿನವರು ಸುಮ್ಮನಿರಮ್ಮಾ ಎಂದರು. ತನ್ನ ಮಾತಿನ ಎಳೆತ ಸಿನಿಮಾದವರಿಗೆ ಬೇಡವಾಗಿ ಬೇರೆಯವರ ದನಿ ಕೂಡಿಸಿದ್ದಾರೆ, ಎಳೆತ ಕೇಳಿದರೆ ತನ್ನನ್ನು ಯಾರು ನಾಯಕಿಯ ತಂದೆ ಎಂದು ನಂಬುತ್ತಾರೆ, ಎಂದು ಅಪ್ಪ ಆಮೇಲೆ ಗಾಡಿಯಲ್ಲಿ ಸಮಾಧಾನದಿಂದಲೇ ವಿವರಿಸಿದ. ತನಗೆ ಹೇಳಿ ಕಳಿಸಿರಲಿಲ್ಲ ಎಂಬುದನ್ನು ಮಾತ್ರ ಎರಡು ಸಲ ಹೇಳಿದ. ಆಯಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ಗೋಣಿತಟ್ಟು ಕೊಂಡಿರಲಿಲ್ಲ.

ಅವ್ವ ನಮಗಿಂತ ಮುಂದೆ ಓಡಿ ಮನೆ ಸೇರಿದ್ದಳು. ಅಪ್ಪ ಅಂದೂ ಸತ್ತಿದ್ದನಲ್ಲ, ಮೆಣಸಿನಕಾಯಿ ಇಳಿಸಬೇಕು. ಹೊಸ್ತಿಲ ಒಳಗೆ ನಿಂತು ಯಾರು ಎಂದು ಕೇಳಿದಳು. ಅವ್ವ ಇನ್ನೊಮ್ಮೆ ಕೇಳಿದಳು. ಅಪ್ಪ ಬಾಗಿಲನ್ನು ನೋಡಿದ, ಅವ್ವನನ್ನು ನೋಡಿದ, ಆಮೇಲೆ ಮನೆಯ ಪಕ್ಕದ ಸಂದಿಯಲ್ಲಿ ಹೊರಳಿ ಹಿತ್ತಲ ಬಾಗಿಲಿನಿಂದ ಒಳಗೆ ಹೋಗಿ ಮಲಗಿಬಿಟ್ಟ. ಅವ್ವ ಹಿಡಿದ ಮೆಣಸಿನಕಾಯಿ ಹಾಗೇ ಉಳಿಯಿತು. ಆಯಿ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡು ಒಲೆಗೆ ಹಾಕಿದಳು. ಆ ಕೆಲಸವನ್ನು ಅವಳು ಮಾಡಿದ್ದು ಅದೇ ಮೊದಲು.

ಆಮೇಲೆಯೂ ಅಪ್ಪ ಎಷ್ಟೋ ಸಿನಿಮಾಗಳಿಗೆ ಹೋದ. ಜಡ್ಜ್, ಪೂಜಾರಿ, ಕಾರಖಾನೆಯ ಮಾಲಕ, ಸಾಯುವ ತಂದೆ. ಪ್ರತಿ ಸಲವೂ ಬೇರೆ ಬೇರೆ ದನಿ. ಹೊರಡುವಾಗ ಚೀಲ ಹೆಗಲಿಗೇರಿಸಿಕೊಂಡು, ಮುಖ ಕೊಟ್ಟು ಬರ್ತೇನಿ ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ಅವನ ಬಾಯಿಗೆ ನಮ್ಮ ಕಡೆಯ ಮಾತು ಹೊಂದಿಕೊಂಡಿತ್ತು, ಅದೂ ಯಾವ ಪಾತ್ರಕ್ಕೂ ಬೇಕಾಗಲಿಲ್ಲ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಲ್ಲಿ ಬಸ್ಸು ನಿಂತಾಗ ಜನ ಗುರುತು ಹಿಡಿದು ಚಹಾ ಕುಡಿಸುತ್ತಿದ್ದರಂತೆ. ಮಾತಾಡಿಸಿ, ಸಿನಿಮಾದಾಗ ನಿಮ್ಮ ದನಿ ಭಾರೀ ಐತ್ರಿ ಎನ್ನುತ್ತಿದ್ದರಂತೆ. ಅಪ್ಪ ನಗುತ್ತ ಹೇಳುತ್ತಿದ್ದ. ಕೇಳಿ ನನಗೆ ನಗು ಬರುತ್ತಿರಲಿಲ್ಲ. ಹೊಸ್ತಿಲ ಕಟ್ಟಳೆ ಮತ್ತೆ ಶುರುವಾಗಿತ್ತು, ಅವ್ವ ಬಿಡುವವಳಲ್ಲ. ಆದರೆ ಮೊದಲು ಓಣಿಯ ತಿರುವಿಗೆ ಕೇಳುತ್ತಿದ್ದ ಆ ಎರಡು ಮಾತು ಈಗ ಅವ್ವನಿಗಷ್ಟೇ ಕೇಳುವ ಹಾಗೆ ಬರುತ್ತಿತ್ತು.

ನಮ್ಮ ಮನೆಗೆ ಟಿವಿ ಬಂದದ್ದು ನಾನು ಕಾಲೇಜು ಮುಗಿಸುವ ವರ್ಷ. ಒಂದು ರವಿವಾರ ಸಂಜೆ ಅಪ್ಪನ ಅದೇ ಮೊದಲ ಸಿನಿಮಾ ಬಂತು. ತೊಟ್ಟು ಬಿಡಿಸುವ ಹೆಂಗಸರು, ಅವರ ಮಕ್ಕಳು, ಪಕ್ಕದ ಮನೆಯವರು ಪಡಸಾಲೆಯ ತುಂಬ ಕೂತಿದ್ದರು. ಅಪ್ಪ ಹಿಂದೆ ಮಂಚದ ಮೇಲೆ ಇದ್ದ. ಅಪ್ಪನ ಮುಖ ಕಾಣಿಸಿ, ಆ ದಪ್ಪ ದನಿ ಶುರುವಾಯಿತು. ಕಂಬದ ಹಿಂದಿನಿಂದ ಆಯಿ ಹೇಳಿದಳು.

"ಸುಮೀ, ಯಾವಂದೋ ದನಿ ಅದು. ಬಂದ್ ಮಾಡ."

ನಾನು ಎದ್ದು ಸದ್ದು ಪೂರ್ತಿ ಇಳಿಸಿದೆ. ಚಿತ್ರ ಓಡುತ್ತಿತ್ತು. ಆಗ ಮಂಚದಿಂದ ಅಪ್ಪನ ಮಾತು ಬಂತು. ಅವನಿಗೆ ಅವೆಲ್ಲ ನೆನಪಿದ್ದವು. ಪರದೆಯ ಮೇಲಿನ ತುಟಿ ತೆರೆದಾಗ ತೆರೆದು, ಮುಚ್ಚಿದಾಗ ಮುಚ್ಚಿ, ಒಂದು ಕೂದಲೆಳೆಯೂ ತಪ್ಪದ ಹಾಗೆ, ಆ ಮೂಗಿನ ಎಳೆತದಲ್ಲೇ ಹೇಳುತ್ತ ಹೋದ. ಸಾಯುವ ಮಾತಿಗೆ ಬಂದಾಗ ದನಿ ಒಡೆಯಿತು. ಎಲ್ಲರೂ ಅದನ್ನು ಅಭಿನಯ ಎಂದುಕೊಂಡೆವು. ಹೆಂಗಸರು ಕಣ್ಣು ಒರೆಸಿಕೊಳ್ಳಲು ಹೋಗಿ ಕಾರದ ಕೈ ತಗಲಿಸಿಕೊಂಡು ಇನ್ನಷ್ಟು ಅತ್ತರು. ಅಪ್ಪನ ಮುಖ ಮತ್ತು ಅಪ್ಪನ ದನಿ ಒಂದಾದದ್ದನ್ನು ನೋಡಿದವರು ಲೋಕದಲ್ಲಿ ಆ ಪಡಸಾಲೆಯವರು ಮಾತ್ರ. ಅವನಿಗೆ ಬೇಕಾಗಿದ್ದದ್ದು ಅಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ.

ಒಡೆದ ದನಿ ಮತ್ತೆ ಕೂಡಲಿಲ್ಲ. ಜೇಷ್ಠಮಧು ಕೆಲಸ ಮಾಡಲಿಲ್ಲ, ಕಷಾಯ ಕೆಲಸ ಮಾಡಲಿಲ್ಲ. ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಡಾಕ್ಟರರು ಗಂಟಲಲ್ಲಿ ಗಂಟು ಇದೆ ಎಂದರು. ಧ್ವನಿಪೆಟ್ಟಿಗೆ ತೆಗೆದರೆ ಮನುಷ್ಯ ಉಳಿಯುತ್ತಾನೆ, ಮಾತು ಉಳಿಯುವುದಿಲ್ಲ. ಬೀಡಿ ಎಷ್ಟು ವರ್ಷದಿಂದ ಎಂದು ಕೇಳಿದರು. ಅಪ್ಪ ಗಡಿ ದಾಟಿದಾಗಿನಿಂದ ಎಂದ. ನಾನು ಇದನ್ನು ಮನೆಗೆ ಬಂದು ಆಯಿಗೆ ಹೇಳಿದೆ, ಬೀಡಿಯಿಂದ ಆದದ್ದು ಎಂದು ಒತ್ತಿ ಒತ್ತಿ ಹೇಳಿದೆ. ಅವಳು ಬೀಡಿಯ ಮಾತನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಪಡಸಾಲೆಯಲ್ಲಿ ಹರವಿದ್ದ ಕೆಂಪು ರಾಶಿಯನ್ನೇ ನೋಡುತ್ತ ಕೂತಳು. ಹಿತ್ತಲಿಗೆ ಹಾಕ ಅಂದಿದ್ರು, ಎಂದಳು. ಅದನ್ನು ನನಗೂ ಹೇಳಲಿಲ್ಲ, ಕಂಬಕ್ಕೂ ಹೇಳಲಿಲ್ಲ.

ಧ್ವನಿಪೆಟ್ಟಿಗೆ ತೆಗೆಸಿ ಅಪ್ಪನನ್ನು ಊರಿಗೆ ಕರೆತರುವ ಹಿಂದಿನ ದಿನವೇ ಅವ್ವ ಹುಬ್ಬಳ್ಳಿಯಿಂದ ಮನೆಗೆ ಹೋಗಿದ್ದಳು. ನಾನು ಅಪ್ಪ ಇಬ್ಬರೇ ಗಾಡಿಯಲ್ಲಿ ಬಂದೆವು. ಕೊರಳಿಗೆ ಬಿಳಿ ಅರಿವೆ ಕಟ್ಟಿತ್ತು, ಅದರ ಕೆಳಗೆ ಉಸಿರಾಡುವ ತೂತು. ಹಾವೇರಿ ಸ್ಟೇಷನ್ನಿನಲ್ಲಿ ಯಾರೋ ಗುರುತು ಹಿಡಿದು ಹತ್ತಿರ ಬಂದು, ಏನ್ರಿ ಮಾಸ್ತರ, ಈಗ ಯಾವ ಪಾತ್ರ ಎಂದರು. ಅಪ್ಪ ಕೈಮುಗಿದ. ಬ್ಯಾಡಗಿಯಲ್ಲಿ ಇಳಿದು ನಮ್ಮ ಓಣಿಗೆ ಬಂದಾಗ ನನಗೆ ಏನೋ ಬದಲಾಗಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಬಾಗಿಲ ಹತ್ತಿರ ಬಂದಾಗ ಗೊತ್ತಾಯಿತು. ಪಡಸಾಲೆ ಖಾಲಿ ಇತ್ತು. ತುಂಬಿದ ಸುಗ್ಗಿಯಲ್ಲಿ ಒಂದು ಚೀಲವೂ ಇಲ್ಲ, ಒಬ್ಬ ಹೆಂಗಸೂ ಇಲ್ಲ. ಆಯಿ ಅಡತಿಯವರಿಗೆ ಮಾಲು ತಿರುಗಿ ಕಳಿಸಿ, ನೆಲ ಗೋಡೆ ಕಂಬ ಎಲ್ಲವನ್ನೂ ತಾನೇ ತಿಕ್ಕಿ ತಿಕ್ಕಿ ತೊಳೆದಿದ್ದಳು. ತೊಲೆಯ ಮೇಲಿನ ವರ್ಷಗಳ ಧೂಳನ್ನೂ ಬಿಟ್ಟಿರಲಿಲ್ಲ. ಮನೆಯಲ್ಲಿ ದೃಷ್ಟಿ ತೆಗೆಯಲು ಸಹ ಒಂದು ಮೆಣಸಿನಕಾಯಿ ಉಳಿದಿರಲಿಲ್ಲ.

ಅವ್ವ ತಟ್ಟೆಯಲ್ಲಿ ಬರೀ ಉಪ್ಪು ಸಾಸಿವೆ ಇಟ್ಟುಕೊಂಡು ಬಾಗಿಲಿಗೆ ಬಂದಳು. ಅಪ್ಪ ಹೊಸ್ತಿಲ ಹೊರಗೆ, ಎಂದಿನ ಜಾಗದಲ್ಲಿ ನಿಂತ. ಇಷ್ಟು ವರ್ಷದ ರೂಢಿ ಅವ್ವನ ಬಾಯಿಂದ ತಾನಾಗಿ ಹೊರಬಿತ್ತು.

"ಯಾರು?"

ಕೇಳಿದ ಮೇಲೆ ಏನು ಕೇಳಿದೆನೆಂದು ಅವಳಿಗೆ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ಬಾಯಿ ತೆರೆದ. ಅವನ ತುಟಿಗಳು ಆ ಎರಡು ಮಾತನ್ನು ಸರಿಯಾಗಿಯೇ ಆಡಿದವು. ಸದ್ದು ಬರಲಿಲ್ಲ, ಕೊರಳಿನ ಅರಿವೆ ಮಾತ್ರ ಉಬ್ಬಿ ತಗ್ಗಿತು. ಇನ್ನೊಮ್ಮೆ ಆಡಿದ. ನಾನು ಅವನ ಪಕ್ಕದಲ್ಲೇ ಇದ್ದೆ, ಚಿಕ್ಕಂದಿನಿಂದ ಇಬ್ಬರ ಮಾತನ್ನು ಅತ್ತಿಂದಿತ್ತ ಸಾಗಿಸಿದವಳು, ಅವನ ತುಟಿಗಳನ್ನೇ ನೋಡುತ್ತ ಉಳಿದೆ. ಅಪ್ಪ ಒಂದು ಸಲ ಅವ್ವನನ್ನು ನೋಡಿ ಹಿತ್ತಲ ಸಂದಿಯ ಕಡೆ ತಿರುಗಿದ.

"ಹಾಂವ್ ಆಯ್ಲೊಂ."

ಹೇಳಿದವಳು ಆಯಿ, ಕಂಬ ಬಿಟ್ಟು ಮುಂದೆ ಬಂದಿದ್ದಳು. ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು, ಅದನ್ನು ಎಳೆದುಕೊಳ್ಳಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತ ನಿಂತಿದ್ದಳು. ಆ ಮಾತಿನ ಕೊನೆಗೆ ಮೂಗಿನಿಂದ ಬರುವ ಆ ಸಣ್ಣ ಎಳೆತ ಸಹ ಅಪ್ಪನದೇ ಇತ್ತು. ಅಡುಗೆಮನೆಯ ಒಳಗೆ ಕೂತು ಇಷ್ಟು ವರ್ಷ ಅವಳು ಅದನ್ನು ಕೇಳಿಸಿಕೊಂಡಿದ್ದಳು.

ಅವ್ವ ದಾರಿ ಬಿಟ್ಟಳು. ಅಪ್ಪ ಹೊಸ್ತಿಲು ದಾಟಿ ಒಳಗೆ ಬಂದ. ಆ ಮನೆಯಲ್ಲಿ ಅವನಿಗೆ ಸೀನು ಬರದಿದ್ದದ್ದು ಅದೇ ಮೊದಲ ಸಲ.